ಕೇಬಲ್ ಟಿವಿ ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಆಗುತ್ತಿಲ್ಲವಾ? ವಿಂಡೋಸ್ ಮುಟ್ಟುವ ಮುಂಚೆ ಇದನ್ನು ನೋಡಿ

ನಾನಿರುವುದು ನ್ಯೂಜೆರ್ಸಿಯಲ್ಲಿ. ಬೆಂಗಳೂರಿನಲ್ಲಿ ಸಂಜೆ ಏಳೂವರೆಗೆ ಶುರುವಾಗುವ ಮ್ಯಾಚ್ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ನಾನು ಆಫೀಸಿನಲ್ಲಿರುತ್ತೇನೆ. ಮನೆಯ ಕಂಪ್ಯೂಟರ್ ಮ್ಯಾಚನ್ನು ರೆಕಾರ್ಡ್ ಮಾಡಬೇಕು, ನಾನು ಸ್ಕೋರ್ ಕಿವಿಗೆ ಬೀಳದ ಹಾಗೆ ಮನೆ ಸೇರಬೇಕು. ಎರಡನೆಯದೇ ಕಷ್ಟ ಅಂದುಕೊಂಡಿದ್ದೆ. ಆದರೆ ಒಂದು ದಿನ ಹದಿನೇಳನೇ ಓವರ್‌ನಲ್ಲಿ ಚಿತ್ರ ಚೂರುಚೂರಾಗಿ ನಿಂತೇ ಹೋಯಿತು.

ಕಂಪ್ಯೂಟರ್ ಕೆಟ್ಟಿದೆ ಅಂತ ಶನಿವಾರ, ಭಾನುವಾರ ಎರಡೂ ದಿನ ಕೂತು ವಿಂಡೋಸ್ ಹೊಸದಾಗಿ ಹಾಕಿದೆ. ಸೋಮವಾರ ಮತ್ತೆ ಅದೇ ಕಥೆ. ತಪ್ಪು ಇದ್ದದ್ದು ಬಟ್ಟೆ ಒಗೆಯುವ ಮೆಷಿನ್ ಹಿಂದಿನ ಸ್ಪ್ಲಿಟರ್‌ನಲ್ಲಿ, ಅಂದರೆ ಒಂದು ಕೇಬಲನ್ನು ಹಲವು ದಾರಿ ಮಾಡುವ ಸಣ್ಣ ಡಬ್ಬದಲ್ಲಿ. ಮೆಷಿನ್ ನಡುಗಿ ನಡುಗಿ ಒಂದು ಕೇಬಲ್ ಸಡಿಲವಾಗಿತ್ತು. ಅಷ್ಟರಲ್ಲಿ ನಾನು ಕಳೆದುಕೊಂಡದ್ದು ಬರೀ ಎರಡು ದಿನವಲ್ಲ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಸುಮಾರು ಅರ್ಧ ಆಮೇಲೆ ತೆರೆಯಲೇ ಇಲ್ಲ. ಕಾಪಿ ತಡೆಯಲು ಅವಕ್ಕೆ ಹಾಕಿದ್ದ ಬೀಗದ ಕೈ ಹಳೆಯ ವಿಂಡೋಸ್ ಜೊತೆಗೇ ಹೋಗಿತ್ತು.

ಅಂದಿನಿಂದ ನನ್ನದು ಒಂದೇ ನಿಯಮ. ಅನುಮಾನ ಪಡುವಾಗ ಕಂಪ್ಯೂಟರ್ ಕೊನೆಗೆ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಕೇಬಲ್‌ಕಾರ್ಡ್ ವ್ಯವಸ್ಥೆಯ ಬಗ್ಗೆ. ಗೋಡೆಯಿಂದ ಬರುವ ಕೇಬಲ್ ಒಂದು ಟ್ಯೂನರ್‌ಗೆ, ಅಂದರೆ ಚಾನೆಲ್ ಹಿಡಿದು ಕಂಪ್ಯೂಟರ್‌ಗೆ ಕೊಡುವ ಯಂತ್ರಕ್ಕೆ ಹೋಗುತ್ತದೆ. ಎಚ್‌ಡಿಹೋಮ್‌ರನ್ ಪ್ರೈಮ್ ಆಗಿರಬಹುದು, ಸೀಟನ್ ಇನ್ಫಿನಿಟಿವಿ ಆಗಿರಬಹುದು. ಅದರೊಳಗೆ ಕೇಬಲ್ ಕಂಪನಿ ಬಾಡಿಗೆಗೆ ಕೊಟ್ಟ ಕಾರ್ಡ್ ಇರುತ್ತದೆ. ನೋಡುವುದಕ್ಕೆ ಹಳೆಯ ಲ್ಯಾಪ್‌ಟಾಪಿನ ಪಿಸಿ ಕಾರ್ಡ್ ತರಹವೇ ಇರುತ್ತದೆ. ಚಾನೆಲ್‌ನ ಬೀಗ ತೆಗೆಯುವುದು ಅದೇ. ಆಮೇಲೆ ಕಂಪ್ಯೂಟರ್‌ನಲ್ಲಿರುವ ವಿಂಡೋಸ್ ಮೀಡಿಯಾ ಸೆಂಟರ್ ಅಥವಾ ಬೇರೆ ಸಾಫ್ಟ್‌ವೇರ್ ರೆಕಾರ್ಡ್ ಮಾಡುತ್ತದೆ.

ಈ ಕಾರ್ಡ್ ಬಂದದ್ದು ಕಾನೂನಿನ ಒತ್ತಾಯದಿಂದ. ಜನ ಕೇಬಲ್ ಕಂಪನಿಯ ಡಬ್ಬವನ್ನೇ (ಸೆಟ್‌ಟಾಪ್ ಬಾಕ್ಸ್) ಬಾಡಿಗೆಗೆ ತರಬೇಕಾಗಿರಬಾರದು ಅಂತ 1996ರ ಟೆಲಿಕಾಂ ಕಾಯ್ದೆಯಲ್ಲೇ ಇತ್ತು. 2007ರ ಜುಲೈನಿಂದ ಕಂಪನಿಗಳು ತಮ್ಮ ಹೊಸ ಡಬ್ಬಗಳಲ್ಲೂ ಬೀಗ ತೆಗೆಯುವ ಭಾಗವನ್ನು ಬೇರೆ ಮಾಡಬೇಕಾಯಿತು. 2020ರಲ್ಲಿ ಇಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ ಕೇಬಲ್‌ಕಾರ್ಡ್ ಕೊಡಲೇಬೇಕು ಅನ್ನುವ ನಿಯಮವನ್ನು ತೆಗೆದುಹಾಕಿತು. ಹಾಗಾಗಿ ಮೊದಲೇ ಒಂದು ಮಾತು: ದೋಷ ಏನೇ ಇರಲಿ, ಕೈಯಲ್ಲಿರುವ ಕಾರ್ಡನ್ನು "ಬದಲಿಸಿಕೊಡಿ" ಅಂತ ಸುಮ್ನೆ ವಾಪಸ್ ಕೊಟ್ಟುಬಿಡಬೇಡಿ. ಹೊಸದು ಸಿಗದೇ ಹೋಗಬಹುದು.

ಮೊದಲು ಟ್ಯೂನರ್‌ನ ಪುಟ ತೆರೆಯಿರಿ

ಟ್ಯೂನರ್ ತನ್ನ ಸ್ಥಿತಿಯನ್ನು ಒಂದು ವೆಬ್ ಪುಟದಲ್ಲಿ ತೋರಿಸುತ್ತದೆ. ಅದನ್ನು ನೋಡಲು ಒಂದು ಪೈಸೆ ಖರ್ಚಿಲ್ಲ. ಎರಡು ನಿಮಿಷ ಸಾಕು. ಪ್ರೈಮ್ ಇದ್ದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದರ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ. ಕಂಪ್ಯೂಟರ್ ಒಳಗೆ ಕೂರಿಸುವ ಸೀಟನ್ ಟ್ಯೂನರ್ ಆದರೆ ಅದೇ ಕಂಪ್ಯೂಟರ್‌ನಲ್ಲಿ 192.168.200.1. ದೋಷ ಕಾಣುತ್ತಿರುವ ಚಾನೆಲ್ ಓಡುತ್ತಿರುವಾಗಲೇ ನೋಡಬೇಕು. ಚಾನೆಲ್ ನಿಲ್ಲಿಸಿ ನೋಡಿದರೆ ಪುಟದ ಟ್ಯೂನರ್ ಭಾಗದಲ್ಲಿ ಏನೂ ಇರುವುದಿಲ್ಲ.

ಪ್ರೈಮ್‌ನ ಪುಟದಲ್ಲಿ ಎರಡು ಕಡೆ ಕಣ್ಣಾಡಿಸಿ. ಕಾರ್ಡ್ ಇರುವ ಭಾಗದಲ್ಲಿ ಆಥೆಂಟಿಕೇಶನ್, ಓಓಬಿ ಲಾಕ್, ವ್ಯಾಲಿಡೇಶನ್ ಅಂತ ಮೂರು ಸಾಲು. ಮೂರರ ಮುಂದೆಯೂ ಸಕ್ಸೆಸ್ ಅಂತ ಇರಬೇಕು. ಟ್ಯೂನರ್ ಭಾಗದಲ್ಲಿ ಸಿಗ್ನಲ್ ಸ್ಟ್ರೆಂತ್, ಸಿಗ್ನಲ್ ಕ್ವಾಲಿಟಿ, ಸಿಂಬಲ್ ಕ್ವಾಲಿಟಿ, ಆಥರೈಸೇಶನ್ (ನೋಡುವ ಅಪ್ಪಣೆ), ಸಿಸಿಐ ಪ್ರೊಟೆಕ್ಷನ್ (ಕಾಪಿ ತಡೆ). ಈ ಪುಟದ ಫೋಟೋ ಒಂದು ತೆಗೆದಿಟ್ಟುಕೊಳ್ಳಿ, ಎಲ್ಲ ಸರಿಯಾಗಿರುವ ದಿನದ್ದೂ ಒಂದು. ಹುಷಾರಿರುವಾಗಿನ ಬಿಪಿ ಎಷ್ಟು ಅಂತ ಗೊತ್ತಿಲ್ಲದೆ ಜ್ವರ ಬಂದ ದಿನ ಅಳೆದರೆ ಏನು ತಿಳಿಯುತ್ತದೆ ಹೇಳಿ.

ಇನ್ನೊಂದು ಎಚ್ಚರಿಕೆ, ಇದು ತಮಾಷೆಯಲ್ಲ. ಕೇಬಲ್‌ನ ಲೋಹದ ತುದಿ ಮುಟ್ಟಿದಾಗ ಸಣ್ಣಗೆ ಜುಮ್ ಅಂದರೂ ಕೈ ತೆಗೆಯಿರಿ, ಅಲ್ಲಿಗೇ ನಿಲ್ಲಿಸಿ. ಕೇಬಲ್‌ನಲ್ಲಿ ಕರೆಂಟ್ ಇರಬಾರದು. ಇದೆ ಅಂದರೆ ಮನೆಯ ಅರ್ಥಿಂಗ್‌ನಲ್ಲೋ ನ್ಯೂಟ್ರಲ್ ತಂತಿಯಲ್ಲೋ ತೊಂದರೆ ಇದೆ. ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ. ಗುಡುಗು ಸಿಡಿಲಿನ ಹೊತ್ತಲ್ಲಿ ಹೊರಗಿನ ಕೇಬಲ್ ಕೆಲಸ ಬೇಡ. ಗೋಡೆಯ ಹೊರಗೆ ಕೇಬಲ್‌ಗೆ ಕಟ್ಟಿರುವ ಅರ್ಥಿಂಗ್ ತಂತಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಕಂಬದ ಮೇಲಿನದು, ಬೀಗ ಹಾಕಿದ ಪೆಟ್ಟಿಗೆಯೊಳಗಿನದು ಕಂಪನಿಯ ಆಸ್ತಿ. ಅದನ್ನು ತೆರೆಯುವ ಹಕ್ಕು ನಮಗಿಲ್ಲ.

ಲಕ್ಷಣ: ರೆಕಾರ್ಡಿಂಗ್ ಆಗಿಯೇ ಇಲ್ಲ

ಪಟ್ಟಿಯಲ್ಲಿ ಹೆಸರೇ ಇಲ್ಲ, ಅಥವಾ ಎರಡು ನಿಮಿಷದ ತುಣುಕು ಮಾತ್ರ ಇದೆ. ಕಂಪ್ಯೂಟರನ್ನು ಮೊದಲೇ ನೋಡಬಹುದಾದ ಸಂದರ್ಭ ಇದೊಂದೇ.

ಕಂಪ್ಯೂಟರ್ ನಿದ್ದೆಯಲ್ಲಿತ್ತಾ? ಪವರ್ ಸೆಟ್ಟಿಂಗ್‌ನಲ್ಲಿ ವೇಕ್ ಟೈಮರ್ (ಹೊತ್ತಿಗೆ ಸರಿಯಾಗಿ ಎಬ್ಬಿಸುವುದು) ಆನ್ ಇದೆಯಾ ನೋಡಿ. ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದರೆ ಕೇಳುವುದೇ ಬೇಡ. ಡಿಸ್ಕ್‌ನಲ್ಲಿ ಜಾಗ ಇದೆಯಾ? ಎಚ್‌ಡಿ ಚಾನೆಲ್ ಸೆಕೆಂಡಿಗೆ 15 ಮೆಗಾಬಿಟ್ ಬರುತ್ತಿದ್ದರೆ ಗಂಟೆಗೆ ಸುಮಾರು 6.75 ಜಿಬಿ ತಿನ್ನುತ್ತದೆ. ನಾಲ್ಕು ಗಂಟೆಯ ಮ್ಯಾಚ್ ಅಂದರೆ 27 ಜಿಬಿ. ಪ್ರೈಮ್ ಒಳಗೆ ಇರುವುದು ಮೂರು ಟ್ಯೂನರ್, ಒಂದೇ ಹೊತ್ತಿಗೆ ಅವಕ್ಕೆ ನಾಲ್ಕು ಕಾರ್ಯಕ್ರಮ ಹೇಳಿದ್ದೀರಾ? ಮನೆಯಲ್ಲಿ ಬೇರೆ ಯಾರೋ ಲೈವ್ ನೋಡುತ್ತಿದ್ದರೆ ಅದೂ ಒಂದು ಟ್ಯೂನರ್ ಹಿಡಿದುಕೊಂಡಿರುತ್ತದೆ.

ಮೀಡಿಯಾ ಸೆಂಟರ್‌ನಲ್ಲಿ ಗೈಡ್ (ಕಾರ್ಯಕ್ರಮಗಳ ಪಟ್ಟಿ) ಪೂರ್ತಿ ಖಾಲಿ ಕಾಣಿಸಿದರೆ ಅದು ನಿಮ್ಮ ತಪ್ಪಲ್ಲ. ಮೈಕ್ರೋಸಾಫ್ಟ್ ಆ ಸೇವೆಯನ್ನು 2020ರ ಜನವರಿಯಲ್ಲಿ ನಿಲ್ಲಿಸಿತು. ಈಗ ಇಪಿಜಿ123 ತರಹದ ಸಾಫ್ಟ್‌ವೇರ್ ಹಾಕಿ, ಷೆಡ್ಯೂಲ್ಸ್ ಡೈರೆಕ್ಟ್‌ಗೆ ವರ್ಷದ ಚಂದಾ ಕಟ್ಟಿ ಗೈಡ್ ತುಂಬಿಸಿಕೊಳ್ಳಬೇಕು. ವಿಂಡೋಸ್ 10ಕ್ಕೆ ಹೋದವರಿಗೆ ಮೀಡಿಯಾ ಸೆಂಟರೇ ಇಲ್ಲ. "ಅಪ್‌ಡೇಟ್ ಮಾಡಿದೆ, ಟಿವಿ ಮಾಯವಾಯಿತು" ಅಂತ ಫೋನ್ ಮಾಡಿದ ಗೆಳೆಯರು ನನಗೆ ಒಬ್ಬಿಬ್ಬರಲ್ಲ.

ಲಕ್ಷಣ: ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ

ಜಾಸ್ತಿ ಜನ ಬೀಳುವ ಗುಂಡಿ ಇದೇ. ನಾನು ಬಿದ್ದದ್ದೂ ಇಲ್ಲೇ.

ಚಿತ್ರ ಒಡೆಯುವ ಹೊತ್ತಿಗೆ ಸಿಂಬಲ್ ಕ್ವಾಲಿಟಿ, ಅಂದರೆ ಚಾನೆಲ್‌ನ ಡೇಟಾ ಎಷ್ಟು ತಪ್ಪಿಲ್ಲದೆ ಬರುತ್ತಿದೆ ಅನ್ನುವ ಲೆಕ್ಕ, ಎಷ್ಟಿದೆ? ಈ ಒಂದು ಅಂಕಿ ಅರ್ಧ ದಾರಿ ತೋರಿಸುತ್ತದೆ. ಅದು 100ರಿಂದ ಕೆಳಗೆ ಬೀಳುತ್ತಿದ್ದರೆ ದೋಷ ಕೇಬಲ್‌ನಲ್ಲಿ. 100ರಲ್ಲೇ ಗಟ್ಟಿಯಾಗಿ ನಿಂತಿದ್ದು ಚಿತ್ರ ಮಾತ್ರ ಒಡೆಯುತ್ತಿದ್ದರೆ ಕೇಬಲ್ ಮೇಲೆ ಅನುಮಾನ ಬೇಡ, ಮುಂದಿನ ಭಾಗಕ್ಕೆ ಹೋಗಿ.

ಕೇಬಲ್ ಕಡೆಗೇ ಬೆರಳು ತೋರಿಸಿದರೆ ಇನ್ನೆರಡು ಅಂಕಿ ನೋಡಿ. ಸ್ಟ್ರೆಂತ್ ಪಕ್ಕದಲ್ಲಿ ಡಿಬಿಎಂವಿ ಲೆಕ್ಕ (ಸಿಗ್ನಲ್ ಎಷ್ಟು ಜೋರು) ಇರುತ್ತದೆ. ಸೊನ್ನೆಯ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 8ರಿಂದ ಪ್ಲಸ್ 8ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೈನಸ್ 12ರ ಕೆಳಗೆ ಹೋದರೆ ಸಿಗ್ನಲ್ ಸೊರಗಿದೆ. ಪ್ಲಸ್ 15 ದಾಟಿದರೆ ಟ್ಯೂನರ್‌ಗೆ ತಡೆಯಲಾರದಷ್ಟು ಜೋರು. ಕ್ವಾಲಿಟಿ ಪಕ್ಕದಲ್ಲಿ ಡಿಬಿ ಲೆಕ್ಕ (ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ). ಎಚ್‌ಡಿ ಚಾನೆಲ್‌ಗಳು ಬರುವುದು 256 ಕ್ವಾಮ್ ಅನ್ನುವ ಡಿಜಿಟಲ್ ಪದ್ಧತಿಯಲ್ಲಿ, ಅದಕ್ಕೆ 33 ಡಿಬಿ ಆದರೂ ಬೇಕು. 35, 36 ಇದ್ದರೆ ನೆಮ್ಮದಿ.

ಈಗ ಕೈಗೆ ಕೆಲಸ. ಗೋಡೆಯಿಂದ ಟ್ಯೂನರ್‌ವರೆಗೆ ಪ್ರತಿ ಜೋಡಣೆಯನ್ನೂ ಮುಟ್ಟಿ ತಿರುಗಿಸಿ ನೋಡಿ. ಬೆರಳಿಗೇ ತಿರುಗಿತು ಅಂದರೆ ಸಡಿಲ. ಬೆರಳಿನಲ್ಲಿ ಬಿಗಿ ಮಾಡಿ, ಆಮೇಲೆ 7/16 ಇಂಚಿನ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಗೋಡೆಯ ಪ್ಲೇಟ್ ಕಿತ್ತು ಬರುವಷ್ಟು ತಿರುಗಿಸಬೇಡಿ. ಒಂದೊಂದನ್ನೇ ಬಿಚ್ಚಿ ತುದಿಯನ್ನು ಬೆಳಕಿಗೆ ಹಿಡಿಯಿರಿ. ನಡುವಿನ ತಾಮ್ರದ ತಂತಿ ಮೂರು ಮಿಲಿಮೀಟರಿನಷ್ಟು ನೆಟ್ಟಗೆ ಹೊರಗಿರಬೇಕು, ಹೊಳೆಯುತ್ತಿರಬೇಕು. ಹೊರಗಿನ ಜಾಲರಿಯ ಕೂದಲಿನಂಥ ಒಂದು ಎಳೆ ಬಾಗಿ ನಡುವಿನ ತಂತಿಗೆ ತಾಗಿದ್ದರೆ ಅಷ್ಟೇ ಸಾಕು, ಸಿಗ್ನಲ್ ಹಾಳು. ಹಸಿರು ಪುಡಿ ಕಂಡರೆ ಒಳಗೆ ನೀರು ಹೋಗಿದೆ. ಆ ತುಂಡನ್ನು ಉಜ್ಜಿ ಸರಿಮಾಡಲು ಹೋಗಬೇಡಿ, ಬದಲಾಯಿಸಿ.

ಆಮೇಲೆ ಸ್ಪ್ಲಿಟರ್ ಎಣಿಸಿ. ಎರಡು ದಾರಿಯ ಸ್ಪ್ಲಿಟರ್ ಪ್ರತಿ ದಾರಿಯಲ್ಲೂ ಸುಮಾರು 3.5 ಡಿಬಿ ತಿನ್ನುತ್ತದೆ, ನಾಲ್ಕು ದಾರಿಯದು ಸುಮಾರು 7. ಮನೆಯೊಳಗೆ ಪ್ಲಸ್ 3ಕ್ಕೆ ಬಂದ ಸಿಗ್ನಲ್ ನಾಲ್ಕು ದಾರಿಯದನ್ನು ದಾಟಿ ಮೈನಸ್ 4, ಇನ್ನೊಂದು ಎರಡು ದಾರಿಯದನ್ನು ದಾಟಿ ಮೈನಸ್ 7.5. ಜೊತೆಗೆ ಉದ್ದದ ಹಳೆಯ ಕೇಬಲ್ ತಿಂದದ್ದು ಬೇರೆ. ಹಳೆಯ ಬಾಡಿಗೆದಾರರು ಹಾಕಿಹೋದ, ಯಾವ ಟಿವಿಗೂ ಹೋಗದ ದಾರಿಗಳು ಎಷ್ಟಿರುತ್ತವೆ ಅಂದರೆ ಆಶ್ಚರ್ಯವಾಗುತ್ತದೆ. ಬೇಡದ್ದನ್ನು ತೆಗೆದುಹಾಕಿ.

ತಕ್ಷಣದ ಪರೀಕ್ಷೆ ಬೇಕೆಂದರೆ ಟ್ಯೂನರನ್ನೇ ಎತ್ತಿಕೊಂಡು ಹೋಗಿ, ಮನೆಯೊಳಗೆ ಕೇಬಲ್ ಬರುವ ಮೊದಲ ಜಾಗದಲ್ಲಿ ನೇರವಾಗಿ ಸಿಗಿಸಿ. ಅಲ್ಲಿ ಅಂಕಿಗಳು ಸರಿ ಇದ್ದರೆ ತಪ್ಪು ಮನೆಯೊಳಗಿನ ದಾರಿಯಲ್ಲಿ, ನೀವೇ ಸರಿ ಮಾಡಬಹುದು. ಅಲ್ಲೂ 31, 32 ಡಿಬಿ ತೋರಿಸಿದರೆ ಇನ್ನು ಮಾಡುವಂಥದ್ದು ಏನೂ ಇಲ್ಲ. ಕಂಪನಿಗೆ ಫೋನ್ ಮಾಡಿ. "ಟಿವಿ ಸರಿ ಬರುತ್ತಿಲ್ಲ" ಅನ್ನುವ ಬದಲು "ಮನೆಗೆ ಬರುವ ಜಾಗದಲ್ಲೇ 31 ಡಿಬಿ ಇದೆ" ಅನ್ನಿ. ಡಬ್ಬ ಆಫ್ ಮಾಡಿ ಆನ್ ಮಾಡಿ ಅನ್ನುವ ಹಾಡು ತಪ್ಪುತ್ತದೆ.

ನಮ್ಮ ಮನೆಯಲ್ಲಿ ಇನ್ನೊಂದು ವಿಚಿತ್ರ ಆಗಿತ್ತು. ಮಧ್ಯಾಹ್ನ 36 ಡಿಬಿ, ರಾತ್ರಿ 31. ಜನವರಿ ತಿಂಗಳು, ಹೊರಗೆ ಹಿಮ. ಚಳಿಗೆ ಹೊರಗಿನ ಜೋಡಣೆ ಕುಗ್ಗಿ ಬಿಡುತ್ತಿತ್ತು, ಬಿಸಿಲು ಬಂದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಟೆಕ್ನಿಷಿಯನ್ ಮೂರು ಸಲ ಮಧ್ಯಾಹ್ನವೇ ಬಂದು "ಎಲ್ಲ ಸರಿ ಇದೆ" ಅಂತ ಹೇಳಿ ಹೋದರು. ನಾಲ್ಕನೇ ಸಲ ರಾತ್ರಿ ತೆಗೆದ ಪುಟದ ಫೋಟೋ ತೋರಿಸಿದ ಮೇಲೆ ಕಂಬ ಹತ್ತಿದರು.

ಆಂಪ್ಲಿಫೈಯರ್ ಹಾಕಲಾ ಅಂತ ಎಲ್ಲರೂ ಕೇಳುತ್ತಾರೆ. ಹೊರಗಿನಿಂದ ಒಳ್ಳೆಯ ಸಿಗ್ನಲ್ ಬಂದು, ಸ್ಪ್ಲಿಟರ್‌ಗಳಲ್ಲಿ ಸೊರಗುತ್ತಿದ್ದರೆ ಮೊದಲ ಸ್ಪ್ಲಿಟರ್‌ಗೆ ಮುಂಚೆ ಹಾಕಿ, ಉಪಯೋಗ ಆಗುತ್ತದೆ. ಬರುವಾಗಲೇ ಕೆಟ್ಟಿದ್ದರೆ ಆಗುವುದಿಲ್ಲ. ಮದುವೆ ಮನೆಯ ಗದ್ದಲದಲ್ಲಿ ಪುರೋಹಿತರ ಮಂತ್ರ ಕೇಳುತ್ತಿಲ್ಲ ಅಂತ ಮೈಕ್ ಇಟ್ಟರೆ ಗದ್ದಲವೂ ಜೋರಾಗುತ್ತದೆ, ಅಲ್ವಾ? ಇನ್ನೊಂದು: ಸಿಗ್ನಲ್ ವಾಪಸ್ ಹೋಗುವ ದಾರಿ ಇಲ್ಲದ ಅಗ್ಗದ ಆಂಪ್ಲಿಫೈಯರ್ ಹಾಕಿದರೆ ಇಂಟರ್ನೆಟ್ ಮೋಡೆಮ್ ಕೂಡ ಸಾಯುತ್ತದೆ.

ಲಕ್ಷಣ: ಅಂಕಿಗಳೆಲ್ಲ ಚೆನ್ನಾಗಿವೆ, ಆದರೂ ತಡವರಿಸುತ್ತದೆ

ಇದು ನೆಟ್‌ವರ್ಕ್ ಅಥವಾ ಡಿಸ್ಕ್. ಪ್ರೈಮ್‌ನಂಥ ನೆಟ್‌ವರ್ಕ್ ಟ್ಯೂನರ್ ಮೂರು ಚಾನೆಲ್ ಒಟ್ಟಿಗೆ ಕಳಿಸುವಾಗ ಸೆಕೆಂಡಿಗೆ 50 ಮೆಗಾಬಿಟ್ ಹತ್ತಿರ ಹೋಗಬಹುದು, ಅದೂ ನಡುವೆ ಉಸಿರು ಬಿಡದೆ. ವೈಫೈ ಮೇಲೆ ಇದನ್ನು ನಂಬಬೇಡಿ. ಸಿನಿಮಾ ಸ್ಟ್ರೀಮ್ ಚೆನ್ನಾಗಿ ಆಗುತ್ತದಲ್ಲ ಅನ್ನಬಹುದು. ಅದು ಮುಂಚೆಯೇ ಒಂದಿಷ್ಟು ಇಳಿಸಿಟ್ಟುಕೊಂಡಿರುತ್ತದೆ. ಲೈವ್ ಟಿವಿಗೆ ಆ ಸೌಕರ್ಯ ಇಲ್ಲ. ಟ್ಯೂನರ್‌ನಿಂದ ರೂಟರ್‌ಗೆ, ರೂಟರ್‌ನಿಂದ ಕಂಪ್ಯೂಟರ್‌ಗೆ ತಂತಿ ಎಳೆದು ಒಂದು ಸಂಜೆ ನೋಡಿ. ಸರಿಯಾದರೆ ಉತ್ತರ ಸಿಕ್ಕಿತು.

ಸರಿಯಾಗದಿದ್ದರೆ ರೆಕಾರ್ಡ್ ಆಗುವ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ. ಹಳೆಯ ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ರೆಕಾರ್ಡಿಂಗ್ ಚಿಂತೆ ಬಿಟ್ಟು ಮೊದಲು ಮನೆಯ ಫೋಟೋಗಳನ್ನು ಬೇರೆ ಕಡೆ ಇಳಿಸಿ.

ಲಕ್ಷಣ: ಯಾವ ಚಾನೆಲ್ ಹಾಕಿದರೂ "ಚಂದಾ ಬೇಕು" ಅನ್ನುತ್ತದೆ

ದುಡ್ಡು ಕಟ್ಟಿದ್ದೀರಿ, ಚಿತ್ರ ಇಲ್ಲ. ಸಿಗ್ನಲ್ ಸರಿ ಇದ್ದರೆ ಇದು ಕಾರ್ಡ್ ಕಥೆ. ಆ ಮೂರು ಸಾಲುಗಳಿಗೆ ವಾಪಸ್ ಹೋಗಿ.

ಆಥೆಂಟಿಕೇಶನ್ ಸೋತಿದ್ದರೆ ಕಾರ್ಡ್ ಮತ್ತು ಟ್ಯೂನರ್ ಒಂದನ್ನೊಂದು ಗುರುತಿಸುತ್ತಿಲ್ಲ. ಟ್ಯೂನರ್‌ನ ಪವರ್ ತೆಗೆಯಿರಿ. ಕಾರ್ಡನ್ನು ಹೊರಗೆಳೆದು ಪಿನ್ನಿನ ತೂತುಗಳಲ್ಲಿ ಧೂಳಿದೆಯಾ ನೋಡಿ, ಸರಿಯಾದ ದಿಕ್ಕಿನಲ್ಲಿ ಮತ್ತೆ ಒತ್ತಿ. ಬಲವಂತ ಮಾಡಬೇಡಿ. ಒಳಗಿನ ಪಿನ್ ಒಂದು ಬಾಗಿದರೆ ಟ್ಯೂನರ್ ಕಥೆ ಮುಗಿಯಿತು. ಟ್ಯೂನರ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹಳೆಯದಿದ್ದರೆ ಹೊಸದು ಮಾಡಿ. ಕಾರ್ಡಿನ ಮೇಲೆ ಎಂ-ಕಾರ್ಡ್ ಅಂತ ಗುರುತಿರಬೇಕು. ಹಳೆಯ ಎಸ್-ಕಾರ್ಡ್ ಒಂದು ಹೊತ್ತಿಗೆ ಒಂದೇ ಚಾನೆಲ್ಲಿನ ಬೀಗ ತೆಗೆಯಬಲ್ಲದು.

ಓಓಬಿ ಲಾಕ್ ಸೋತಿದ್ದರೆ ಕಂಪನಿ ಕಾರ್ಡಿಗೆ ಅಪ್ಪಣೆ ಕಳಿಸುವ ಪಕ್ಕದ ದಾರಿ ಮುಚ್ಚಿದೆ. ಆ ದಾರಿ ಚಾನೆಲ್‌ಗಳಿಂದ ಬೇರೆ, ಕೆಳಗಿನ 70ರಿಂದ 130 ಮೆಗಾಹರ್ಟ್ಸ್ ನಡುವೆ ಇರುತ್ತದೆ. ಹಾಗಾಗಿ ಚಾನೆಲ್‌ಗಳ ಅಂಕಿ ಚೆನ್ನಾಗಿದ್ದೂ ಇದು ಮಾತ್ರ ಸೋಲಬಹುದು. ದಾರಿಯಲ್ಲಿ ಯಾರೋ ಸಿಗಿಸಿ ಮರೆತ ಬೆರಳುದ್ದದ ಫಿಲ್ಟರ್ ಇದೆಯಾ ಹುಡುಕಿ.

ಮೊದಲೆರಡು ಸರಿ ಇದ್ದು ವ್ಯಾಲಿಡೇಶನ್ ಮಾತ್ರ ಇಲ್ಲ ಅಂದರೆ ಕಂಪನಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಕಾರ್ಡ್-ಟ್ಯೂನರ್ ಜೋಡಿ ನೋಂದಣಿ ಆಗಿಲ್ಲ. ಇಲ್ಲಿ ಫೋನ್ ಮಾಡಲೇಬೇಕು. ನೀವು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಏನೂ ಆಗುವುದಿಲ್ಲ.

ಲಕ್ಷಣ: ಲೋಕಲ್ ಚಾನೆಲ್ ಬರುತ್ತವೆ, ದುಬಾರಿ ಚಾನೆಲ್ ಮಾತ್ರ ಬರುವುದಿಲ್ಲ

ಪೇರಿಂಗ್, ಅಂದರೆ ಕಾರ್ಡ್-ಟ್ಯೂನರ್ ಜೋಡಿಯ ನೋಂದಣಿ, ತಪ್ಪಾಗಿದ್ದರೆ ಹೀಗೇ ಆಗುವುದು. ಕಾಪಿ ಮಾಡಲು ತಡೆ ಇಲ್ಲದ ಚಾನೆಲ್‌ಗಳಿಗೆ ಪೇರಿಂಗ್ ಇಲ್ಲದಿದ್ದರೂ ಕಾರ್ಡ್ ಬಾಗಿಲು ತೆಗೆಯುತ್ತದೆ. ತಡೆ ಇರುವುದಕ್ಕೆ ಈ ಕಾರ್ಡ್ ಈ ಟ್ಯೂನರ್‌ನಲ್ಲೇ ಇದೆ ಅಂತ ಕಂಪನಿಯಿಂದ ಖಾತ್ರಿ ಬೇಕು. ಕಾರ್ಡನ್ನು ಒಂದು ಟ್ಯೂನರ್‌ನಿಂದ ಇನ್ನೊಂದಕ್ಕೆ ಬದಲಾಯಿಸಿದ ದಿನವೇ ಇದು ಶುರುವಾಗಿದ್ದರೆ ಅನುಮಾನವೇ ಬೇಡ.

ಟ್ಯೂನರ್ ಪುಟದ ಕಾರ್ಡ್ ಮೆನುವಿನಲ್ಲಿ ಪೇರಿಂಗ್ ಪುಟ ತೆರೆದರೆ ಕೇಬಲ್‌ಕಾರ್ಡ್ ಐಡಿ, ಹೋಸ್ಟ್ ಐಡಿ, ಡೇಟಾ ಅಂತ ಉದ್ದುದ್ದದ ಸಂಖ್ಯೆಗಳು. ಇದನ್ನು ಎದುರಿಗಿಟ್ಟುಕೊಂಡೇ ಫೋನ್ ಮಾಡಿ. ಸಾಮಾನ್ಯ ಸಹಾಯವಾಣಿಯವರಿಗೆ ಕೇಬಲ್‌ಕಾರ್ಡ್ ಅಂದರೆ ಏನೆಂದೇ ಗೊತ್ತಿರುವುದಿಲ್ಲ, ಆ ವಿಭಾಗಕ್ಕೇ ಕೊಡಿ ಅನ್ನಿ. ನಿಮ್ಮ ಸಂಖ್ಯೆ ಹೇಳಿ ಮುಗಿಸಬೇಡಿ. ಅವರ ಪರದೆ ಮೇಲಿರುವುದನ್ನು ಅವರಿಂದಲೇ ಓದಿಸಿ. ನನ್ನ ವಿಷಯದಲ್ಲಿ ಎಂಟು ಇರಬೇಕಾದಲ್ಲಿ ಮೂರು ಇತ್ತು. ಆ ಒಂದು ಅಂಕಿಗಾಗಿ ಎರಡು ವಾರ. ಸಂಖ್ಯೆ ಸರಿಯಾದ ಮೇಲೆ "ಹಿಟ್ ಕಳಿಸಿ" ಅನ್ನಿ, ಕಾರ್ಡಿಗೆ ಅಪ್ಪಣೆ ಕಳಿಸುವುದಕ್ಕೆ ಅವರ ಭಾಷೆಯಲ್ಲಿ ಹಾಗೇ ಹೇಳುವುದು. ಚಂದಾ ಇರುವ ದುಬಾರಿ ಚಾನೆಲ್ ಒಂದನ್ನು ಹಾಕಿಟ್ಟುಕೊಂಡು ಕಾಯಿರಿ. ಆಥರೈಸೇಶನ್ ಮುಂದೆ ಸಬ್‌ಸ್ಕ್ರೈಬ್ಡ್ ಅಂತ ಬರುವವರೆಗೆ ಫೋನ್ ಇಡಬೇಡಿ.

ಲಕ್ಷಣ: ಕೆಲವು ಚಾನೆಲ್ ಇದ್ದಕ್ಕಿದ್ದಂತೆ ಇಲ್ಲ, ನಾಳೆ ಮತ್ತೆ ಇರುತ್ತವೆ

ಕ್ರಿಕೆಟ್ ಚಾನೆಲ್ಲಿನಂಥ, ಕೆಲವೇ ಮನೆಯವರು ನೋಡುವ ಚಾನೆಲ್‌ಗಳಿಗೆ ಇದು ಜಾಸ್ತಿ. ಕೆಲವು ಊರುಗಳಲ್ಲಿ ಎಲ್ಲ ಚಾನೆಲ್ಲೂ ಎಲ್ಲ ಹೊತ್ತೂ ತಂತಿಯಲ್ಲಿ ಇರುವುದಿಲ್ಲ. ಯಾರಾದರೂ ಕೇಳಿದಾಗ ಮಾತ್ರ ಕಳಿಸುತ್ತಾರೆ, ಸ್ವಿಚ್ಡ್ ಡಿಜಿಟಲ್ ವಿಡಿಯೋ ಅಂತ. ಕೇಳುವುದಕ್ಕೆ ನಮ್ಮ ಟ್ಯೂನರ್‌ಗೆ ಬಾಯಿಲ್ಲ. ಅದಕ್ಕೆ ಟ್ಯೂನಿಂಗ್ ಅಡಾಪ್ಟರ್ ಅನ್ನುವ ಇನ್ನೊಂದು ಡಬ್ಬ ಕಂಪನಿಯಿಂದ ತಂದು ಯುಎಸ್‌ಬಿಯಲ್ಲಿ ಸಿಗಿಸಬೇಕು.

ಈ ಡಬ್ಬದಷ್ಟು ಹಠಮಾರಿ ಸಾಮಾನು ನಾನು ಕಂಡಿಲ್ಲ. ಮುಂದಿನ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಸರಿ, ಮಿನುಗುತ್ತಲೇ ಇದ್ದರೆ ಸರಿ ಇಲ್ಲ. ಪವರ್ ಮತ್ತು ಯುಎಸ್‌ಬಿ ಎರಡನ್ನೂ ತೆಗೆದು, ಒಂದು ಕಾಫಿ ಕುಡಿದು ಬಂದು ಸಿಗಿಸಿ. ದೀಪ ನಿಲ್ಲಲು ಹದಿನೈದು ನಿಮಿಷ ಬಿಡಿ. ಆಗಲಿಲ್ಲವಾ? ಅದರ ಹಿಂದಿನ ಕೇಬಲ್ ಔಟ್ ತೂತಿನಿಂದ ಟ್ಯೂನರ್‌ಗೆ ಎಳೆದಿದ್ದರೆ ಬಿಟ್ಟುಬಿಡಿ, ಎರಡು ದಾರಿಯ ಸ್ಪ್ಲಿಟರ್ ಹಾಕಿ ಬೇರೆಬೇರೆ ಕೊಡಿ. ಅಡಾಪ್ಟರ್ ಇರುವ ದಾರಿಯಲ್ಲಿ ಆಂಪ್ಲಿಫೈಯರ್ ಇದ್ದರೆ ಅದು ವಾಪಸ್ ಸಿಗ್ನಲ್ ಬಿಡುತ್ತದಾ ನೋಡಿ. ಮನೆಯ ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್ ಸಾಗಿಸುವ ಮೋಕಾ ನೆಟ್‌ವರ್ಕ್ ಓಡುತ್ತಿದ್ದರೆ ಅದರ ಸದ್ದು ಈ ಡಬ್ಬದ ತಲೆ ಕೆಡಿಸುತ್ತದೆ. ಅಡಾಪ್ಟರ್‌ನ ಬಾಯಿಗೆ ಒಂದು ಮೋಕಾ ಫಿಲ್ಟರ್ ಹಾಕಿ, ಹತ್ತು ಡಾಲರ್ ಆಸುಪಾಸಿನ ಸಾಮಾನು. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕೇಸು ಇಷ್ಟಕ್ಕೇ ಸರಿಹೋಗುತ್ತದೆ.

ಲಕ್ಷಣ: ಮಾತು ಕೇಳುತ್ತದೆ, ಪರದೆ ಕಪ್ಪು

ಲೋಕಲ್ ಚಾನೆಲ್ ಕಾಣಿಸಿ, ತಡೆ ಇರುವ ಚಾನೆಲ್ ಮಾತ್ರ ಕಪ್ಪಾದರೆ ಎಚ್‌ಡಿಸಿಪಿ ಜಗಳ. ಕಾಪಿ ತಡೆಯಲು ಕಂಪ್ಯೂಟರ್ ಮತ್ತು ಟಿವಿ ನಡುವೆ ನಡೆಯುವ ಗುರುತು ಪರೀಕ್ಷೆ ಅದು. ಕಂಪ್ಯೂಟರ್‌ನಿಂದ ಟಿವಿಗೆ ನಡುವೆ ಆಡಿಯೋ ರಿಸೀವರ್, ಎಚ್‌ಡಿಎಂಐ ಸ್ಪ್ಲಿಟರ್ ಏನಿದ್ದರೂ ತೆಗೆದು ಒಂದೇ ಕೇಬಲ್‌ನಲ್ಲಿ ನೇರ ಕೊಡಿ. ಸರಿಯಾಯಿತು ಅಂದರೆ ನಡುವಿನದೇ ಕಳ್ಳ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದ ಮೇಲೆ ಶುರುವಾಗಿದ್ದರೆ ಹಳೆಯದಕ್ಕೆ ಹೋಗಿ.

ಲಕ್ಷಣ: ರೆಕಾರ್ಡ್ ಆಗಿದೆ, ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುವುದಿಲ್ಲ

ಇಲ್ಲಿ ಕೆಟ್ಟದ್ದು ಏನೂ ಇಲ್ಲ. ಪ್ರತಿ ಚಾನೆಲ್ ಜೊತೆಗೆ ಒಂದು ಗುರುತು ಬರುತ್ತದೆ. ಕಾಪಿ ಫ್ರೀಲಿ ಅಂದರೆ ಫೈಲ್ ಎಲ್ಲಿಗಾದರೂ ಒಯ್ಯಬಹುದು. ಕಾಪಿ ಒನ್ಸ್ ಅಂದರೆ ರೆಕಾರ್ಡ್ ಮಾಡಿದ ಕಂಪ್ಯೂಟರ್‌ನಲ್ಲಿ, ಅದಕ್ಕೆ ಎಕ್ಸ್‌ಟೆಂಡರ್ (ಅದರ ಚಿತ್ರವನ್ನು ಬೇರೆ ಟಿವಿಯಲ್ಲಿ ತೋರಿಸುವ ಡಬ್ಬ) ಆಗಿ ಜೋಡಿಸಿದ ಎಕ್ಸ್‌ಬಾಕ್ಸ್ 360ರಂಥದ್ದರಲ್ಲಿ ಮಾತ್ರ. ಕಾಪಿ ನೆವರ್ ಅಂದರೆ ರೆಕಾರ್ಡೇ ಇಲ್ಲ, ತೊಂಬತ್ತು ನಿಮಿಷದವರೆಗೆ ತಡೆದು ನೋಡಬಹುದು ಅಷ್ಟೇ. ಯಾವ ಚಾನೆಲ್‌ಗೆ ಯಾವ ಗುರುತು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಊರು ಬದಲಿಸಿದ ಮೇಲೆ "ಅಲ್ಲಿ ಆಗುತ್ತಿತ್ತಲ್ಲ" ಅಂತ ತಲೆ ಕೆರೆದುಕೊಳ್ಳುವುದು ಇದಕ್ಕೇ.

ಟ್ಯೂನರ್ ಪುಟದಲ್ಲಿ ಸಿಸಿಐ ಪ್ರೊಟೆಕ್ಷನ್ ಮುಂದೆ ನನ್ (None, ಅಂದರೆ ತಡೆ ಇಲ್ಲ) ಅಂತ ಇದ್ದರೆ ಬಿಡುಗಡೆ. ಇಲ್ಲದಿದ್ದರೆ ಮೀಡಿಯಾ ಸೆಂಟರ್ ಬಿಟ್ಟು ಬೇರೆ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಆ ಚಾನೆಲ್ ಬರುವುದಿಲ್ಲ. ಅದು ಸಾಫ್ಟ್‌ವೇರ್‌ನ ದೋಷ ಅಂತ ದುಡ್ಡು ವಾಪಸ್ ಕೇಳಬೇಡಿ. ಮದರ್‌ಬೋರ್ಡ್ ಬದಲಿಸಿದರೆ, ವಿಂಡೋಸ್ ಹೊಸದಾಗಿ ಹಾಕಿದರೆ ಕಾಪಿ ಒನ್ಸ್ ರೆಕಾರ್ಡಿಂಗ್‌ಗಳು ಹೋದಂತೆಯೇ. ಮೊದಲು ನೋಡಿ ಮುಗಿಸಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ. ಬೀಗ ಒಡೆಯುವ ಸಾಫ್ಟ್‌ವೇರ್ ಇದೆ ಅಂತ ಯಾರಾದರೂ ಹೇಳಿದರೆ ದೂರ ಇರಿ. ಅಮೆರಿಕದ 1998ರ ಹಕ್ಕುಸ್ವಾಮ್ಯ ಕಾಯ್ದೆ ಡಿಎಂಸಿಎ ಅದನ್ನು ತಪ್ಪು ಅನ್ನುತ್ತದೆ, ಜೊತೆಗೆ ಬರುವ ವೈರಸ್ ಬೇರೆ.

ಲಕ್ಷಣ: ಹಳೆಯ ಟಿವಿ ಟ್ಯೂನರ್ ಕಾರ್ಡ್‌ಗೆ ಒಂದೂ ಚಾನೆಲ್ ಸಿಗುವುದಿಲ್ಲ

ಕೇಬಲ್‌ಕಾರ್ಡ್ ಕೂರಿಸುವ ಜಾಗವೇ ಇಲ್ಲದ ಕ್ವಾಮ್ ಟ್ಯೂನರ್‌ಗಳು ಇವು. ಮುಂಚೆ ಲೋಕಲ್ ಚಾನೆಲ್‌ಗಳು ಬೀಗವಿಲ್ಲದೆ ಬರುತ್ತಿದ್ದವು. 2012ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿ ಪೂರ್ತಿ ಡಿಜಿಟಲ್ ಆದ ಕೇಬಲ್ ಕಂಪನಿಗಳಿಗೆ ಅವುಗಳಿಗೂ ಬೀಗ ಹಾಕಲು ಒಪ್ಪಿಗೆ ಕೊಟ್ಟಿತು. ಎಷ್ಟು ಸ್ಕ್ಯಾನ್ ಮಾಡಿದರೂ ಪ್ರಯೋಜನವಿಲ್ಲ. ಅದೇ ಕಾರ್ಡ್‌ಗೆ ಮನೆಯ ಮೇಲೆ ಆಂಟೆನಾ ಕಟ್ಟಿಕೊಟ್ಟರೆ ಲೋಕಲ್ ಚಾನೆಲ್‌ಗಳು ಎಚ್‌ಡಿಯಲ್ಲಿ ಪುಕ್ಕಟೆ ಬರುತ್ತವೆ, ಯಾವ ಗುರುತಿನ ಕಾಟವೂ ಇಲ್ಲ.

ಕಾರ್ಡೇ ಸಿಗದವರಿಗೆ ಇನ್ನೊಂದು ದಾರಿ ಕಂಪನಿಯ ಡಬ್ಬದ ಹಿಂದಿನ ಕೆಂಪು, ಹಸಿರು, ನೀಲಿ ಕಾಂಪೊನೆಂಟ್ ತೂತುಗಳು. ಹಾಪಾಗ್ ಕಂಪನಿ 2008ರಲ್ಲಿ ತಂದ ಎಚ್‌ಡಿ-ಪಿವಿಆರ್ ಅಲ್ಲಿಂದ 1080ಐ ಚಿತ್ರ ಹಿಡಿದು ರೆಕಾರ್ಡ್ ಮಾಡುತ್ತದೆ. ಒಂದು ಡಬ್ಬಕ್ಕೆ ಒಂದೇ ಚಾನೆಲ್. ಡಬ್ಬದ ಚಾನೆಲ್ ಬದಲಿಸಲು ರಿಮೋಟ್ ಥರ ಕಣ್ಣು ಮಿಟುಕಿಸುವ ಒಂದು ತಂತಿಯನ್ನು ಅದರ ಮುಂದೆ ಅಂಟಿಸಬೇಕು. ಬೆಕ್ಕು ಬಂದು ಆ ತಂತಿ ಎಳೆದರೆ ಮ್ಯಾಚ್ ಬದಲು ಅಡುಗೆ ಕಾರ್ಯಕ್ರಮ ರೆಕಾರ್ಡ್ ಆಗಿರುತ್ತದೆ. ಆದರೂ ಓಡುತ್ತದೆ. ಹೊಸ ಡಬ್ಬಗಳಲ್ಲಿ ಆ ತೂತುಗಳು ಇರದಿರಬಹುದು, ಯಂತ್ರ ಕೊಳ್ಳುವ ಮುಂಚೆ ಡಬ್ಬ ತಿರುಗಿಸಿ ನೋಡಿ.

ಊರಿಗೆ ಹೋಗುವಾಗ ಹಳೆಯ ಪ್ರೈಮನ್ನು ಸೂಟ್‌ಕೇಸಿಗೆ ಹಾಕಿಕೊಳ್ಳುವ ಯೋಚನೆ ಇದ್ದರೆ ಬೇಡ. ಬೆಂಗಳೂರಿನ ಕೇಬಲ್ ಓಡುವುದು ಡಿವಿಬಿ-ಸಿ ಅನ್ನುವ ಬೇರೆಯೇ ಪದ್ಧತಿಯಲ್ಲಿ, ಅಲ್ಲಿ ಕೇಬಲ್‌ಕಾರ್ಡೂ ಇಲ್ಲ. ನಾನು ಒಯ್ದಿದ್ದೆ. ಈಗ ಅದು ಅಪ್ಪನ ಮೇಜಿನ ಮೇಲೆ ದಿನಪತ್ರಿಕೆ ಹಾರದಂತೆ ಕೂತಿದೆ.